ಶಿಲೆ–ನೀರು ಅಂತರಕ್ರಿಯೆ

ಶಿಲೆ–ನೀರು ಅಂತರಕ್ರಿಯೆ ಎಂದರೆ ಭೂಮಿಯೊಳಗಿನ ರಂಧ್ರ ಮತ್ತು ಬಿರುಕುಗಳಲ್ಲಿ ಇರುವ ನೀರಿಗೂ ಅದನ್ನು ಸುತ್ತುವರಿದ ಶಿಲೆಯ ಖನಿಜಗಳಿಗೂ ನಡುವೆ ನಡೆಯುವ ರಾಸಾಯನಿಕ ಮತ್ತು ಭೌತಿಕ ಕ್ರಿಯೆಗಳ ಸಮೂಹ. ಈ ಕ್ರಿಯೆಗಳಿಂದ ನೀರಿನ ಗುಣ ಬದಲಾಗುತ್ತದೆ; ಜೊತೆಗೆ ಶಿಲೆಯ ಗುಣವೂ ಬದಲಾಗುತ್ತದೆ. ಕೆಲವು ಖನಿಜಗಳು ಕರಗಿ ರಂಧ್ರಗಳು ದೊಡ್ಡದಾಗುತ್ತವೆ, ಮತ್ತೆ ಕೆಲವು ಖನಿಜಗಳು ಹೊಸದಾಗಿ ಹರಳುಗಟ್ಟಿ ಅದೇ ರಂಧ್ರಗಳನ್ನು ಮುಚ್ಚುತ್ತವೆ. ನೀರು, ತೈಲ ಅಥವಾ ಅನಿಲವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಶಿಲೆಯನ್ನು ಸಂಗ್ರಾಹಕ ಶಿಲೆ ಎಂದೂ, ಅದು ನೀರನ್ನು ಹಿಡಿದಿಟ್ಟು ಬಾವಿಗಳಿಗೆ ಒದಗಿಸುವಂತಿದ್ದರೆ ಜಲಧರ ಶಿಲೆ ಎಂದೂ ಕರೆಯುತ್ತಾರೆ.

ಕರ್ನಾಟಕದ ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ಪ್ರದೇಶಗಳು ಈ ಕ್ರಿಯೆಯನ್ನು ತಿಳಿಯಲು ಉತ್ತಮ ಉದಾಹರಣೆಗಳಾಗಿವೆ. ಒಂದೇ ಮಳೆಯ ನೀರು ಗಜೇಂದ್ರಗಡದ ಮರಳುಗಲ್ಲಿನಲ್ಲಿ ಒಂದು ಬಗೆಯಾಗಿಯೂ, ರೋಣದ ಬಯಲಿನಡಿಯ ಗಟ್ಟಿ ಶಿಲೆಯಲ್ಲಿ ಇನ್ನೊಂದು ಬಗೆಯಾಗಿಯೂ, ನರಗುಂದದ ಎರೆ ಮಣ್ಣಿನಲ್ಲಿ ಮತ್ತೊಂದು ಬಗೆಯಾಗಿಯೂ ಮಾರ್ಪಡುತ್ತದೆ. ಕುಡಿಯುವ ನೀರಿನ ಫ್ಲೋರೈಡ್ ಸಮಸ್ಯೆ ಮತ್ತು ಹೊಲಗಳ ಸವಳು ಸಮಸ್ಯೆ ಎರಡಕ್ಕೂ ಈ ಮಾರ್ಪಾಡು ಪ್ರಮುಖ ಕಾರಣವಾಗಿದೆ.

ಮೂಲ ಪರಿಕಲ್ಪನೆಗಳು

ಶಿಲೆಯ ಒಟ್ಟು ಗಾತ್ರದಲ್ಲಿ ಖಾಲಿ ಜಾಗ ಎಷ್ಟು ಪಾಲು ಇದೆ ಎಂಬುದನ್ನು ರಂಧ್ರತೆ ಎನ್ನುತ್ತಾರೆ. ಆ ಖಾಲಿ ಜಾಗಗಳು ಒಂದಕ್ಕೊಂದು ಕೂಡಿಕೊಂಡು ದ್ರವವನ್ನು ಎಷ್ಟು ಸುಲಭವಾಗಿ ಹರಿಯಗೊಡುತ್ತವೆ ಎಂಬುದು ಪಾರಗಮ್ಯತೆ. ಇವೆರಡೂ ಒಂದೇ ಅಲ್ಲ. ಜೇಡಿಮಣ್ಣಿನಲ್ಲಿ ರಂಧ್ರತೆ ಹೆಚ್ಚು. ಆದರೆ ರಂಧ್ರಗಳು ಅತಿ ಸೂಕ್ಷ್ಮವಾಗಿರುವುದರಿಂದ ಅದರ ಮೂಲಕ ನೀರು ಬಹು ನಿಧಾನವಾಗಿ ಹರಿಯುತ್ತದೆ. ಬಿರುಕಿಲ್ಲದ ನೈಸ್ ಅಥವಾ ಗ್ರಾನೈಟ್ ಶಿಲೆಯ ರಂಧ್ರತೆ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ಅಂತಹ ಶಿಲೆಯಲ್ಲಿ ದೊರೆಯುವ ನೀರೆಲ್ಲ ಬಿರುಕುಗಳಲ್ಲಿ ಮತ್ತು ಮೇಲಿನ ಶಿಥಿಲಗೊಂಡ ಪದರದಲ್ಲಿ ಇರುತ್ತದೆ.

ರಂಧ್ರಯುಕ್ತ ವಸ್ತುವಿನ ಮೂಲಕ ಹರಿಯುವ ನೀರಿನ ಪ್ರಮಾಣವು ಒತ್ತಡದ ವ್ಯತ್ಯಾಸಕ್ಕೆ ಅನುಗುಣವಾಗಿರುತ್ತದೆ ಎಂಬ ನಿಯಮವನ್ನು ಫ್ರಾನ್ಸ್ ದೇಶದ ಇಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದನು. ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಅವನು ಈ ನಿಯಮವನ್ನು ಕಂಡುಕೊಂಡಿದ್ದನು. ಇಂದಿಗೂ ಪ್ರಯೋಗಾಲಯಗಳಲ್ಲಿ ಶಿಲೆಯ ಪಾರಗಮ್ಯತೆಯನ್ನು ಅಳೆಯುವುದು ಇದೇ ನಿಯಮದ ಆಧಾರದ ಮೇಲೆ. ಬಿರುಕುಗಳ ವಿಷಯದಲ್ಲಿ ಇನ್ನೊಂದು ಅಂಶ ಮುಖ್ಯವಾಗಿದೆ. ಸಮತಲವಾದ ಬಿರುಕಿನ ಮೂಲಕ ಹರಿಯುವ ನೀರು ಬಿರುಕಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ಖನಿಜ ಕಟ್ಟಿಕೊಂಡು ಬಿರುಕಿನ ಅಗಲ ಅರ್ಧಕ್ಕೆ ಇಳಿದರೆ ಹರಿವು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ನೀರು ಮತ್ತು ಖನಿಜಗಳ ನಡುವೆ ನಡೆಯುವ ಮುಖ್ಯ ಕ್ರಿಯೆಗಳು ಇವು:

• ಕರಗುವಿಕೆ: ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ. ಈ ನೀರು ಸುಣ್ಣಕಲ್ಲನ್ನು ಬೇಗನೆ, ಫೆಲ್ಡ್‌ಸ್ಪಾರ್‌ನಂತಹ ಖನಿಜಗಳನ್ನು ನಿಧಾನವಾಗಿ ಕರಗಿಸುತ್ತದೆ.
• ರೂಪಾಂತರ: ಫೆಲ್ಡ್‌ಸ್ಪಾರ್ ತನ್ನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಅಥವಾ ಕ್ಯಾಲ್ಸಿಯಂಅನ್ನು ನೀರಿಗೆ ಬಿಟ್ಟುಕೊಟ್ಟು ಜೇಡಿ ಖನಿಜವಾಗಿ ಮಾರ್ಪಡುತ್ತದೆ.
• ನಿಕ್ಷೇಪ: ನೀರಿನಲ್ಲಿ ಕರಗಿದ ವಸ್ತು ಮಿತಿಮೀರಿದಾಗ ಕ್ಯಾಲ್ಸೈಟ್, ಸಿಲಿಕಾ, ಕಬ್ಬಿಣದ ಆಕ್ಸೈಡ್ ಮುಂತಾದ ರೂಪಗಳಲ್ಲಿ ರಂಧ್ರಗಳೊಳಗೆ ಕಟ್ಟಿಕೊಳ್ಳುತ್ತದೆ.
• ಅಯಾನು ವಿನಿಮಯ: ಜೇಡಿ ಖನಿಜಗಳು ತಮ್ಮ ಮೇಲ್ಮೈಯಲ್ಲಿ ಹಿಡಿದಿಟ್ಟುಕೊಂಡ ಒಂದು ಅಯಾನನ್ನು ನೀರಿಗೆ ಕೊಟ್ಟು ನೀರಿನಲ್ಲಿರುವ ಇನ್ನೊಂದನ್ನು ತೆಗೆದುಕೊಳ್ಳುತ್ತವೆ.
• ಉಬ್ಬುವಿಕೆ: ಕೆಲವು ಜೇಡಿ ಖನಿಜಗಳು ತಮ್ಮ ಪದರಗಳ ನಡುವೆ ನೀರನ್ನು ಸೇರಿಸಿಕೊಂಡು ಹಿಗ್ಗುತ್ತವೆ.

ರೋಣ, ನರಗುಂದ, ಗಜೇಂದ್ರಗಡಗಳ ಭೂರಚನೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಮೊದಲು ರೋಣ ತಾಲ್ಲೂಕಿನ ಭಾಗವಾಗಿದ್ದ ಗಜೇಂದ್ರಗಡವು ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಈ ಭಾಗವು ಅರೆಶುಷ್ಕ ಪ್ರದೇಶವಾಗಿದ್ದು, ವಾರ್ಷಿಕ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಬೆಣ್ಣಿಹಳ್ಳವು ಈ ಬಯಲಿನ ನೀರನ್ನು ಕೊಂಡೊಯ್ದು ಮಲಪ್ರಭಾ ನದಿಯನ್ನು ಸೇರುತ್ತದೆ.

ಜಿಲ್ಲೆಯ ಬಹುಭಾಗದ ತಳದಲ್ಲಿ 250 ಕೋಟಿ ವರ್ಷಗಳಿಗೂ ಹಿಂದಿನ ನೈಸ್ ಮತ್ತು ಧಾರವಾಡ ಶಿಲಾವರ್ಗದ ಶಿಲೆಗಳಿವೆ. ಗಜೇಂದ್ರಗಡದ ಗುಡ್ಡಗಳು ಇವುಗಳಿಗಿಂತ ಕಿರಿಯವಾದ ಮರಳುಗಲ್ಲಿನವು. ಇವು ಕಲಾದಗಿ ಶಿಲಾಸಮೂಹದ ದಕ್ಷಿಣದ ಅಂಚಿಗೆ ಸೇರಿವೆ. ಬಾದಾಮಿಯ ಗುಹಾಲಯಗಳನ್ನು ಕೊರೆದಿರುವ ಮರಳುಗಲ್ಲು ಇದೇ ಸಮೂಹದ್ದು. ಬಾಗಲಕೋಟೆ ಜಿಲ್ಲೆಯ ಕಲಾದಗಿ ಊರಿನ ಹೆಸರನ್ನು ಈ ಶಿಲೆಗಳಿಗೆ ಕೊಟ್ಟವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಅವನ ವರದಿ 1876ರಲ್ಲಿ ಪ್ರಕಟವಾಯಿತು. ನರಗುಂದ ಮತ್ತು ರೋಣದ ಬಯಲಿನಲ್ಲಿ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಹರಡಿಕೊಂಡಿದೆ.

ಗಜೇಂದ್ರಗಡದ ಮರಳುಗಲ್ಲು

ಮರಳುಗಲ್ಲು ಮೊದಲು ಸಡಿಲವಾದ ಮರಳಾಗಿತ್ತು. ಅದನ್ನು ಶಿಲೆಯಾಗಿ ಮಾಡುವುದರಲ್ಲಿ ಮೇಲಿನ ಪದರಗಳ ಭಾರದಷ್ಟೇ ನೀರಿನ ಪಾತ್ರವೂ ಇದೆ. ಮರಳಿನ ಕಣಗಳ ನಡುವೆ ಹರಿದ ನೀರು ಸಿಲಿಕಾವನ್ನು ತಂದು ಕಣಗಳ ಸುತ್ತ ಕಟ್ಟಿತು. ಕಬ್ಬಿಣದ ಆಕ್ಸೈಡ್ ಶಿಲೆಗೆ ಕೆಂಬಣ್ಣ ಕೊಟ್ಟಿತು. ಹೀಗೆ ಅಂಟುಗೊಂಡ ಮರಳುಗಲ್ಲಿನಲ್ಲಿ ಮೂಲ ರಂಧ್ರಗಳು ಬಹುಮಟ್ಟಿಗೆ ಮುಚ್ಚಿಹೋಗುತ್ತವೆ. ಮುಂದೆ ಶಿಲೆ ಬಿರಿದಾಗ ಉಂಟಾದ ಸೀಳುಗಳೇ ನೀರಿನ ದಾರಿಗಳಾಗುತ್ತವೆ.

ಗಜೇಂದ್ರಗಡದ ಸಮೀಪದ ಕಾಲಕಾಲೇಶ್ವರ ದೇವಸ್ಥಾನವು ಗುಡ್ಡದ ಬಂಡೆಯ ಮಗ್ಗುಲಲ್ಲಿದೆ. ಅಲ್ಲಿನ ಅಂತರಗಂಗೆ ಎಂಬ ಒರತೆಯು ವರ್ಷವಿಡೀ ಹರಿಯುವುದಕ್ಕೆ ಪ್ರಸಿದ್ಧವಾಗಿದೆ. ಮರಳುಗಲ್ಲಿನ ಗುಡ್ಡಗಳಲ್ಲಿ ಇಂತಹ ಒರತೆಗಳು ಸಾಮಾನ್ಯವಾಗಿ ಹುಟ್ಟುವ ಬಗೆ ಹೀಗಿದೆ: ಗುಡ್ಡದ ಮೇಲೆ ಬಿದ್ದ ಮಳೆನೀರು ಸೀಳುಗಳಲ್ಲಿ ಇಳಿಯುತ್ತದೆ, ಕೆಳಗೆ ನೀರನ್ನು ಬಿಡದ ಪದರವೊಂದು ಅಡ್ಡ ಬಂದಾಗ ಪಕ್ಕಕ್ಕೆ ಸರಿದು ಬಂಡೆಯ ಬುಡದಲ್ಲಿ ಹೊರಬರುತ್ತದೆ. ಸೀಳುಗಳು ಕಿರಿದಾಗಿದ್ದಷ್ಟೂ ನೀರು ತಡವಾಗಿ ಹೊರಬರುವುದರಿಂದ ಮಳೆಗಾಲದ ನೀರು ಬೇಸಿಗೆಗೂ ಉಳಿಯುತ್ತದೆ.

ಮರಳುಗಲ್ಲಿನ ಮುಖ್ಯ ಖನಿಜವಾದ ಸ್ಫಟಿಕವು ಸಾಮಾನ್ಯ ಉಷ್ಣತೆಯಲ್ಲಿ ಅತ್ಯಲ್ಪವಾಗಿ ಮಾತ್ರ ಕರಗುತ್ತದೆ. ಆದ್ದರಿಂದ ಶುದ್ಧ ಮರಳುಗಲ್ಲಿನ ಮೂಲಕ ಬಂದ ನೀರಿನಲ್ಲಿ ಲವಣಾಂಶ ಸಾಮಾನ್ಯವಾಗಿ ಕಡಿಮೆ ಇರುತ್ತದೆ.

ರೋಣದ ಬಯಲು ಮತ್ತು ಫ್ಲೋರೈಡ್

ಗದಗ ಜಿಲ್ಲೆಯ ಮುಂಡರಗಿ, ರೋಣ ಮೊದಲಾದ ತಾಲ್ಲೂಕುಗಳ ಅನೇಕ ಕಡೆ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಗಿಂತ ಹೆಚ್ಚಾಗಿ ಕಂಡುಬಂದಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5 ಮಿಲಿಗ್ರಾಂ ಆಗಿದೆ.

ಈ ಫ್ಲೋರೈಡ್ ಹೊರಗಿನಿಂದ ಬಂದ ಕಲ್ಮಶವಲ್ಲ. ಅದು ಶಿಲೆಯದೇ ಭಾಗ. ನೈಸ್ ಮತ್ತು ಗ್ರಾನೈಟ್ ಶಿಲೆಗಳಲ್ಲಿರುವ ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್ ಮತ್ತು ಅಪಟೈಟ್ ಖನಿಜಗಳಲ್ಲಿ ಫ್ಲೋರೈಡ್ ಸೇರಿಕೊಂಡಿರುತ್ತದೆ. ಕೆಲವೆಡೆ ಕ್ಯಾಲ್ಸಿಯಂ ಫ್ಲೋರೈಡಿನ ಹರಳಾದ ಫ್ಲೋರೈಟ್ ಕೂಡ ಇರುತ್ತದೆ. ಫ್ಲೋರೈಡ್ ಅಯಾನು ಮತ್ತು ಹೈಡ್ರಾಕ್ಸಿಲ್ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಕ್ಷಾರೀಯ ನೀರಿನಲ್ಲಿ ಹೈಡ್ರಾಕ್ಸಿಲ್ ಅಯಾನುಗಳು ಅಭ್ರಕದೊಳಗಿನ ಫ್ಲೋರೈಡನ್ನು ಹೊರದೂಡಿ ಆ ಜಾಗವನ್ನು ತುಂಬಬಲ್ಲವು.

ಶಿಲೆಯಲ್ಲಿ ಫ್ಲೋರೈಡ್ ಇದ್ದ ಮಾತ್ರಕ್ಕೆ ನೀರಿನಲ್ಲಿ ಅದು ಹೆಚ್ಚಾಗುವುದಿಲ್ಲ. ಅದನ್ನು ತಡೆದು ನಿಲ್ಲಿಸುವುದು ಕ್ಯಾಲ್ಸಿಯಂ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದರೊಡನೆ ಸೇರಿ ಫ್ಲೋರೈಟ್ ಆಗಿ ಬೇರ್ಪಡುತ್ತದೆ. ರಸಾಯನಶಾಸ್ತ್ರದ ಲೆಕ್ಕದಂತೆ, ಕ್ಯಾಲ್ಸಿಯಂ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ನೀರಿನಲ್ಲಿ ಕರಗಿ ಉಳಿಯಬಲ್ಲ ಫ್ಲೋರೈಡ್ ಎರಡು ಪಟ್ಟಾಗುತ್ತದೆ. ಒಂಬತ್ತನೇ ಒಂದು ಭಾಗಕ್ಕೆ ಇಳಿದರೆ ಮೂರು ಪಟ್ಟಾಗುತ್ತದೆ. ನೀರು ಶಿಲೆಯೊಳಗೆ ಬಹುಕಾಲ ನಿಂತಾಗ ಎರಡು ಕಾರಣಗಳಿಂದ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಒಂದು, ಬೈಕಾರ್ಬನೇಟ್ ಹೆಚ್ಚಿ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಕಟ್ಟಿಕೊಳ್ಳುತ್ತದೆ. ಎರಡು, ಜೇಡಿ ಖನಿಜಗಳು ಕ್ಯಾಲ್ಸಿಯಂಅನ್ನು ಹಿಡಿದುಕೊಂಡು ಸೋಡಿಯಂಅನ್ನು ಬಿಡುತ್ತವೆ. ಆದ್ದರಿಂದಲೇ ಸೋಡಿಯಂ ಮತ್ತು ಬೈಕಾರ್ಬನೇಟ್ ಹೆಚ್ಚಾಗಿದ್ದು ಕ್ಯಾಲ್ಸಿಯಂ ಕಡಿಮೆ ಇರುವ, ಕುಡಿಯಲು ಮೃದು ಎನಿಸುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಅಧಿಕ. ರುಚಿ, ಬಣ್ಣ, ವಾಸನೆಗಳಿಂದ ಫ್ಲೋರೈಡನ್ನು ಗುರುತಿಸಲು ಆಗುವುದಿಲ್ಲ.

ತೆರೆದ ಬಾವಿಯ ನೀರು ಪ್ರತಿ ಮಳೆಗಾಲದಲ್ಲಿ ಹೊಸದಾಗುತ್ತದೆ. ಆಳದ ಕೊಳವೆ ಬಾವಿಯ ನೀರು ಶಿಲೆಯ ಸಂಪರ್ಕದಲ್ಲಿ ಅನೇಕ ವರ್ಷ ಇದ್ದಿರಬಹುದು. ಅಂತರ್ಜಲ ಕುಸಿದು ಬಾವಿಗಳನ್ನು ಹೆಚ್ಚು ಹೆಚ್ಚು ಆಳಕ್ಕೆ ಕೊರೆದಂತೆ ಹಳೆಯ ನೀರು ಮೇಲೆ ಬರುತ್ತದೆ. ಅದರೊಡನೆ ಫ್ಲೋರೈಡ್ ಹೆಚ್ಚುವ ಅಪಾಯವೂ ಬರುತ್ತದೆ.

ಹಲ್ಲಿನ ಎನಾಮಲ್ ಬೆಳೆಯುವ ಎಳೆ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ದೇಹ ಸೇರಿದರೆ ಹಲ್ಲುಗಳ ಮೇಲೆ ಬಿಳಿ ಅಥವಾ ಕಂದು ಕಲೆಗಳು ಉಳಿಯುತ್ತವೆ. ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ. ಒಮ್ಮೆ ಮೂಡಿದ ಈ ಕಲೆಗಳು ತಾವಾಗಿ ಹೋಗುವುದಿಲ್ಲ. ಹೆಚ್ಚಿನ ಪ್ರಮಾಣದ ಫ್ಲೋರೈಡ್ ದೀರ್ಘಕಾಲ ಸೇರಿದಾಗ ಕೀಲುನೋವು, ಬೆನ್ನು ಬಗ್ಗಿಸಲಾಗದ ಸ್ಥಿತಿ ಮೊದಲಾದ ಲಕ್ಷಣಗಳುಳ್ಳ ಮೂಳೆಯ ಫ್ಲೋರೋಸಿಸ್ ಬರುತ್ತದೆ. ಭಾರತದಲ್ಲಿ ಈ ರೋಗವು 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿಯಾಯಿತು.

ನರಗುಂದದ ಎರೆ ಮಣ್ಣು

ಎರೆ ಮಣ್ಣಿನ ಮುಖ್ಯ ಜೇಡಿ ಖನಿಜ ಸ್ಮೆಕ್ಟೈಟ್. ಇದರ ಕಣವು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಇರುವ ಪದರಗಳಿಂದ ಆಗಿದೆ. ಒಣಗಿದಾಗ ಒಂದು ಪದರದಿಂದ ಮುಂದಿನ ಪದರಕ್ಕೆ ಸುಮಾರು 1 ನ್ಯಾನೋಮೀಟರ್ ಅಂತರವಿದ್ದರೆ, ನೀರು ಸೇರಿದಾಗ ಅದು 1.5 ನ್ಯಾನೋಮೀಟರನ್ನೂ ಮೀರಬಲ್ಲುದು. ಬೇಸಿಗೆಯಲ್ಲಿ ಎರೆ ಹೊಲ ಬಾಯಿಬಿಡುವುದಕ್ಕೂ ಮಳೆಗಾಲದಲ್ಲಿ ಆ ಬಿರುಕುಗಳು ತಾವಾಗಿ ಮುಚ್ಚಿಕೊಳ್ಳುವುದಕ್ಕೂ ಇದೇ ಕಾರಣ.

ಪದರಗಳ ನಡುವೆ ಕ್ಯಾಲ್ಸಿಯಂ ಇರುವವರೆಗೆ ಈ ಹಿಗ್ಗುವಿಕೆಗೆ ಒಂದು ಮಿತಿ ಇರುತ್ತದೆ ಮತ್ತು ಕಣಗಳು ಒಟ್ಟುಗೂಡಿ ಹರಳಾಗಿರುತ್ತವೆ. ಕ್ಯಾಲ್ಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬಂದರೆ ಕಣಗಳು ಬಿಡಿಬಿಡಿಯಾಗಿ ಚದರಿ ಮಣ್ಣಿನ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ನೀರು ಕೆಳಗೆ ಇಂಗುವುದಿಲ್ಲ, ಬೇರುಗಳಿಗೆ ಗಾಳಿ ಸಿಗುವುದಿಲ್ಲ, ಒಣಗಿದಾಗ ನೆಲ ಕಲ್ಲಿನಂತಾಗುತ್ತದೆ. ವಿನಿಮಯವಾಗಬಲ್ಲ ಅಯಾನುಗಳಲ್ಲಿ ಸೋಡಿಯಂ ಪಾಲು ಶೇಕಡಾ 15ನ್ನು ಮೀರಿದರೆ ಅಂತಹ ಮಣ್ಣನ್ನು ಕ್ಷಾರ ಮಣ್ಣು ಎಂದು ವರ್ಗೀಕರಿಸುತ್ತಾರೆ. ಎರೆ ಮಣ್ಣಿನಲ್ಲಿ ಇದಕ್ಕಿಂತ ಕಡಿಮೆ ಪಾಲಿನಲ್ಲಿಯೇ ತೊಂದರೆ ಕಾಣಿಸಿಕೊಳ್ಳಬಹುದು.

ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಕಟ್ಟಿದ ಅಣೆಕಟ್ಟೆಯಿಂದ 1970ರ ದಶಕದಲ್ಲಿ ಈ ಬಯಲಿಗೆ ಕಾಲುವೆ ನೀರು ಬಂದಿತು. ನೀರಿನ ಕರ ಮತ್ತು ಅಭಿವೃದ್ಧಿ ಕರವನ್ನು ವಿರೋಧಿಸಿ ನರಗುಂದ ಮತ್ತು ನವಲಗುಂದಗಳಲ್ಲಿ 1980ರ ಜುಲೈ 21ರಂದು ನಡೆದ ರೈತ ಬಂಡಾಯವು ಕರ್ನಾಟಕದ ರೈತ ಚಳವಳಿಯ ಇತಿಹಾಸದಲ್ಲಿ ಮಹತ್ವದ ಘಟನೆಯಾಗಿದೆ. ಕಾಲುವೆ ನೀರು ಮಳೆಯಾಶ್ರಿತ ಹೊಲಗಳಿಗೆ ಹೊಸ ಬೆಳೆಗಳನ್ನು ತಂದುಕೊಟ್ಟಿತು; ಆದರೆ ನೀರು ಬಸಿದುಹೋಗದ ತಗ್ಗು ಹೊಲಗಳಲ್ಲಿ ಸವಳು ಮತ್ತು ಜವಳು ಕಾಣಿಸಿಕೊಂಡವು. ಲವಣ ಮೇಲೆ ಬಂದು ನೆಲ ಬೆಳ್ಳಗಾಗುವುದು ಸವಳು. ನೀರು ನಿಂತು ನೆಲ ಸದಾ ತೇವವಾಗಿರುವುದು ಜವಳು. ಅಂತರ್ಜಲ ಮಟ್ಟ ಮೇಲೇರಿದಾಗ ಅದರಲ್ಲಿ ಕರಗಿದ ಲವಣಗಳೂ ಮೇಲೇರುತ್ತವೆ. ಬಿಸಿಲಿಗೆ ನೀರು ಆವಿಯಾಗಿ ಲವಣ ಮಾತ್ರ ಉಳಿಯುತ್ತದೆ.

ಹೀಗೆ ರೋಣದ ಬಾವಿಯ ತೊಂದರೆಗೂ ನರಗುಂದದ ಹೊಲದ ತೊಂದರೆಗೂ ಒಂದೇ ಮೂಲವಿದೆ: ಕ್ಯಾಲ್ಸಿಯಂ ಸರಿದು ಸೋಡಿಯಂ ಮೇಲುಗೈ ಪಡೆಯುವುದು. ಬಾವಿಯಲ್ಲಿ ಅದು ಫ್ಲೋರೈಡನ್ನು ಬಿಡುಗಡೆ ಮಾಡುತ್ತದೆ. ಹೊಲದಲ್ಲಿ ಅದು ಮಣ್ಣಿನ ಕಟ್ಟನ್ನು ಒಡೆಯುತ್ತದೆ.

ಪ್ರಯೋಗಾಲಯ ವಿಧಾನಗಳು

ನೆಲದಡಿ ನಡೆಯುವ ಈ ಕ್ರಿಯೆಗಳನ್ನು ನೇರವಾಗಿ ಕಾಣಲಾಗದ ಕಾರಣ ಶಿಲೆಯ ಮಾದರಿಗಳನ್ನು ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸುತ್ತಾರೆ. ಮುಖ್ಯ ವಿಧಾನಗಳು ಇಂತಿವೆ:

• ತೆಳು ಛೇದ: ಶಿಲೆಯನ್ನು ಗಾಜಿನ ಮೇಲೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜುತ್ತಾರೆ. ಬೆಳಕು ಹಾಯುವಷ್ಟು ತೆಳುವಾದ ಈ ಛೇದವನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಖನಿಜ ಕರಗಿದೆ, ಯಾವುದು ಹೊಸದಾಗಿ ಕಟ್ಟಿದೆ ಎಂದು ಗುರುತಿಸುತ್ತಾರೆ.
• ಕ್ಷ-ಕಿರಣ ವಿವರ್ತನೆ: ಜೇಡಿ ಖನಿಜಗಳು ಬರಿಗಣ್ಣಿಗಾಗಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕಾಗಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಪದರಗಳ ನಡುವಿನ ಅಂತರವನ್ನು ಕ್ಷ-ಕಿರಣದಿಂದ ಅಳೆದು ಅವುಗಳ ಜಾತಿಯನ್ನು ನಿರ್ಧರಿಸುತ್ತಾರೆ. ಗ್ಲೈಕಾಲ್ ಆವಿಗೆ ಒಡ್ಡಿದಾಗ ಈ ಅಂತರ ಹೆಚ್ಚಿದರೆ ಅದು ಉಬ್ಬುವ ಜೇಡಿ.
• ರಂಧ್ರತೆಯ ಮಾಪನ: ಕೊರೆದು ತೆಗೆದ ಸಿಲಿಂಡರ್ ಆಕಾರದ ಶಿಲಾಖಂಡದೊಳಕ್ಕೆ ಹೀಲಿಯಂ ಅನಿಲವನ್ನು ತುಂಬಿ, ಒತ್ತಡದ ಬದಲಾವಣೆಯಿಂದ ಖಾಲಿ ಜಾಗವನ್ನು ಲೆಕ್ಕ ಹಾಕುತ್ತಾರೆ.
• ನೆನೆಸುವ ಪ್ರಯೋಗ: ಪುಡಿಮಾಡಿದ ಶಿಲೆಯನ್ನು ನಿಗದಿತ ಪ್ರಮಾಣದ ನೀರಿನಲ್ಲಿಟ್ಟು ದಿನ, ವಾರ, ತಿಂಗಳುಗಳ ಅಂತರದಲ್ಲಿ ನೀರಿನ ಪಿಎಚ್, ಕ್ಯಾಲ್ಸಿಯಂ, ಸೋಡಿಯಂ, ಫ್ಲೋರೈಡ್ ಅಂಶಗಳನ್ನು ಅಳೆಯುತ್ತಾರೆ. ಫ್ಲೋರೈಡನ್ನು ಅಳೆಯಲು ಅದಕ್ಕೆಂದೇ ಇರುವ ಅಯಾನು ಎಲೆಕ್ಟ್ರೋಡನ್ನು ಬಳಸುತ್ತಾರೆ.
• ಹರಿವಿನ ಪ್ರಯೋಗ: ಶಿಲಾಖಂಡವನ್ನು ಬಿಗಿಯಾದ ತೋಳಿನಲ್ಲಿಟ್ಟು ಒತ್ತಡದಿಂದ ದ್ರವವನ್ನು ಹಾಯಿಸುತ್ತಾರೆ. ಆರಂಭದ ಮತ್ತು ಕೊನೆಯ ಪಾರಗಮ್ಯತೆಗಳನ್ನು ಹೋಲಿಸಿದಾಗ ದ್ರವವು ಶಿಲೆಯನ್ನು ತೆರೆಯಿತೋ ಮುಚ್ಚಿತೋ ಎಂಬುದು ತಿಳಿಯುತ್ತದೆ.

ಅಳತೆಗಳು ದೊರೆತ ಮೇಲೆ ಪ್ರತಿ ಖನಿಜಕ್ಕೂ ಸಂತೃಪ್ತಿ ಸೂಚ್ಯಂಕವನ್ನು ಲೆಕ್ಕ ಹಾಕುತ್ತಾರೆ. ಸೂಚ್ಯಂಕ ಸೊನ್ನೆಗಿಂತ ಕಡಿಮೆ ಇದ್ದರೆ ಆ ಖನಿಜ ಇನ್ನೂ ಕರಗಬಲ್ಲದು. ಹೆಚ್ಚು ಇದ್ದರೆ ಅದು ಕಟ್ಟಿಕೊಳ್ಳಬಲ್ಲದು. ಸೊನ್ನೆಯಾಗಿದ್ದರೆ ನೀರು ಮತ್ತು ಖನಿಜ ಸಮತೋಲನದಲ್ಲಿವೆ.

ಮಿತಿಗಳು

ಶಿಲೆಯನ್ನು ಪುಡಿಮಾಡಿದಾಗ ನೀರಿಗೆ ತಗಲುವ ಮೇಲ್ಮೈ ಬಹಳ ಹೆಚ್ಚುತ್ತದೆ. ನಿಸರ್ಗದಲ್ಲಿ ಖನಿಜದ ಮೇಲ್ಮೈಯನ್ನು ಹಳೆಯ ಜೇಡಿ ಮತ್ತು ಕಬ್ಬಿಣದ ಪೊರೆಗಳು ಮುಚ್ಚಿರುತ್ತವೆ. ಆದ್ದರಿಂದ ನಿಸರ್ಗದಲ್ಲಿ ಕರಗುವ ವೇಗವು ಪ್ರಯೋಗಾಲಯದಲ್ಲಿ ಕಂಡದ್ದಕ್ಕಿಂತ ನೂರಾರು, ಕೆಲವೊಮ್ಮೆ ಸಾವಿರಾರು ಪಟ್ಟು ನಿಧಾನವಾಗಿರಬಹುದು. ಅಂಗೈಯಲ್ಲಿ ಹಿಡಿಯುವ ಶಿಲಾಖಂಡವೊಂದು ಇಡೀ ಊರಿನ ಬಿರುಕುಗಳ ಜಾಲವನ್ನು ಪ್ರತಿನಿಧಿಸಲಾರದು. ಈ ಕಾರಣಗಳಿಂದ ಪ್ರಯೋಗಾಲಯದ ಫಲಿತಾಂಶವನ್ನು ಬಾವಿಗಳ ನೀರಿನ ನಿಯತ ಪರೀಕ್ಷೆಯೊಡನೆ ಸೇರಿಸಿ ಓದಬೇಕಾಗುತ್ತದೆ.

ಇತರ ಕ್ಷೇತ್ರಗಳಲ್ಲಿ ಬಳಕೆ

ತೈಲ ಬಾವಿಗಳಲ್ಲಿ ತೈಲವನ್ನು ಮುಂದೆ ದೂಡಲು ನೀರನ್ನು ಒಳಕ್ಕೆ ಹಾಯಿಸುತ್ತಾರೆ. ಮರಳುಗಲ್ಲಿನಲ್ಲಿ ಜೇಡಿ ಇದ್ದು, ಹಾಯಿಸಿದ ನೀರು ಅತಿ ಸಿಹಿನೀರಾಗಿದ್ದರೆ ಜೇಡಿ ಉಬ್ಬಿ ಅಥವಾ ಚದರಿ ತೈಲದ ದಾರಿಯನ್ನೇ ಕಟ್ಟಿಹಾಕಬಹುದು. ನರಗುಂದದ ಎರೆ ಹೊಲದಲ್ಲಿ ನೀರು ಇಂಗದಿರುವುದಕ್ಕೂ ಇದಕ್ಕೂ ಕಾರಣ ಒಂದೇ ಬಗೆಯದು. ಇಂತಹ ಪ್ರಯೋಗಗಳಿಗೆ ಅಮೆರಿಕದ ಒಹಾಯೊ ರಾಜ್ಯದ ಬೆರಿಯಾ ಮರಳುಗಲ್ಲನ್ನು ಜಗತ್ತಿನ ಅನೇಕ ಪ್ರಯೋಗಾಲಯಗಳು ಮಾದರಿ ಶಿಲೆಯಾಗಿ ಬಳಸುತ್ತವೆ.

ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಯೋಜನೆಯಲ್ಲಿ 2012ರಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯೊಳಕ್ಕೆ ಹಾಯಿಸಲಾಯಿತು. ಅದರಲ್ಲಿ ಶೇಕಡಾ 95ರಷ್ಟು ಎರಡು ವರ್ಷಗಳೊಳಗೆ ಕಾರ್ಬನೇಟ್ ಖನಿಜವಾಗಿ ಕಲ್ಲಾಯಿತು ಎಂದು 2016ರಲ್ಲಿ ವರದಿಯಾಯಿತು. ಬಸಾಲ್ಟ್ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲೂ ಹರಡಿಕೊಂಡಿದೆ. ಅದು ದಖನ್ ಶಿಲಾಪ್ರಸ್ತರದ ಭಾಗ.

ಪರಿಹಾರ ಕ್ರಮಗಳು

ಫ್ಲೋರೈಡ್ ಇರುವ ನೀರನ್ನು ಕುದಿಸುವುದರಿಂದ ಪ್ರಯೋಜನವಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಅದರ ಸಾಂದ್ರತೆ ಮತ್ತಷ್ಟು ಹೆಚ್ಚುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ, ಪಟಿಕ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿ ಫ್ಲೋರೈಡನ್ನು ಗಸಿಯ ರೂಪದಲ್ಲಿ ಬೇರ್ಪಡಿಸುತ್ತಾರೆ. ಸಕ್ರಿಯ ಅಲ್ಯುಮಿನಾ ಸೋಸುಕಗಳೂ ಬಳಕೆಯಲ್ಲಿವೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಸಾಮಾನ್ಯವಾಗಿ ಬಳಸುವ ಆರ್‌ಒ ವಿಧಾನವು ಫ್ಲೋರೈಡನ್ನು ತೆಗೆಯುತ್ತದೆ. ಆದರೆ ಘಟಕದಿಂದ ಹೊರಬೀಳುವ ನೀರಿನಲ್ಲಿ ಅದೇ ಫ್ಲೋರೈಡ್ ಸಾಂದ್ರವಾಗಿರುವುದರಿಂದ ಅದನ್ನು ಬಾವಿಯ ಬಳಿಯೇ ಇಂಗಲು ಬಿಡಬಾರದು. ನದಿಯ ನೀರನ್ನು ಹಳ್ಳಿಗಳಿಗೆ ತರುವ ಬಹುಗ್ರಾಮ ಯೋಜನೆಗಳು, ಮಳೆನೀರಿನ ಸಂಗ್ರಹ ಮತ್ತು ಕೆರೆ–ಬಾವಿಗಳ ಮರುಪೂರಣ ಮೂಲದಲ್ಲಿಯೇ ತೊಂದರೆಯನ್ನು ತಗ್ಗಿಸುವ ದಾರಿಗಳಾಗಿವೆ.

ಕ್ಷಾರ ಮಣ್ಣಿಗೆ ಜಿಪ್ಸಂ ಹಾಕುತ್ತಾರೆ. ಜಿಪ್ಸಂ ಕ್ಯಾಲ್ಸಿಯಂ ಸಲ್ಫೇಟ್ ಆಗಿದ್ದು, ಅದರ ಕ್ಯಾಲ್ಸಿಯಂ ಜೇಡಿಯ ಮೇಲಿನ ಸೋಡಿಯಂಅನ್ನು ಹೊರದೂಡುತ್ತದೆ. ಹೊರಬಂದ ಸೋಡಿಯಂ ಹರಿದುಹೋಗಲು ಬಸಿಗಾಲುವೆ ಅಥವಾ ನೆಲದಡಿಯ ಬಸಿಯುವ ಕೊಳವೆ ಇರಲೇಬೇಕು. ಇಲ್ಲದಿದ್ದರೆ ಅದು ಅಲ್ಲಿಯೇ ಉಳಿದು ಮತ್ತೆ ಮೇಲೇರುತ್ತದೆ. ಜಿಪ್ಸಂ ಎಷ್ಟು ಬೇಕೆಂಬುದನ್ನು ಆ ಹೊಲದ ಮಣ್ಣಿನ ಪರೀಕ್ಷೆಯಿಂದಲೇ ನಿರ್ಧರಿಸಬೇಕು. ಬಾವಿಯ ನೀರಿಗೂ ಇದೇ ಮಾತು ಅನ್ವಯಿಸುತ್ತದೆ. ಬಿರುಕುಗಳುಳ್ಳ ಗಟ್ಟಿ ಶಿಲೆಯಲ್ಲಿ ಒಂದು ಬಾವಿಯ ನೀರು ಸುರಕ್ಷಿತವಾಗಿದ್ದು ಪಕ್ಕದ ಬಾವಿಯದು ಹಾಗಿಲ್ಲದಿರಬಹುದಾದ್ದರಿಂದ, ಪ್ರತಿ ಬಾವಿಯ ನೀರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ನಂತರ ಒಮ್ಮೆ ಪರೀಕ್ಷಿಸಿದರೆ ಋತುವಿನ ಏರಿಳಿತವೂ ತಿಳಿಯುತ್ತದೆ.